ಮೀನಿನ ಶೆಟ್ಟಿ, ಹಲ್ಲಿನ ಶೆಟ್ಟಿ

ನಮ್ಮ ಮೆಡಿಕಲ್ ಕಾಲೇಜಿನ ಎರಡನೇ ಮಹಡಿಯ ಕಾರಿಡಾರಿಗೆ ಒಂದು ಸೋಮವಾರ ಬೆಳಿಗ್ಗೆ ಆರು ಟ್ರೆಡ್‌ಮಿಲ್‌ಗಳು ಬಂದಿಳಿದವು. ಮೈತುಂಬ ಪ್ಲಾಸ್ಟಿಕ್ ಸುತ್ತಿಕೊಂಡು, ಇಮ್ಯುನಾಲಜಿ ಪ್ರಯೋಗಾಲಯದ ಬಾಗಿಲಿಗೆ ಮುಖ ಮಾಡಿ, ಒಳಗಿನವರು ಯಾವಾಗ ಮನೆ ಖಾಲಿ ಮಾಡುತ್ತಾರೆ ಎಂದು ಕಾಯುವ ಹೊಸ ಬಾಡಿಗೆದಾರರ ಹಾಗೆ ನಿಂತವು. ಅದೇ ದಿನ ಮಧ್ಯಾಹ್ನ ಪ್ರಾಂಶುಪಾಲರು ನನ್ನನ್ನು ಕರೆಸಿದರು. ನಾನು ಆ ಕಾಲೇಜಿನ ಗ್ರಂಥಪಾಲಕ. ನನ್ನನ್ನು ಯಾರಾದರೂ ಕರೆಸುವುದು ಎ.ಸಿ. ಕೆಟ್ಟಾಗ ಮಾತ್ರ, ಯಾಕೆಂದರೆ ಎ.ಸಿ. ಮೆಕ್ಯಾನಿಕ್ಕಿನ ನಂಬರು ನನ್ನಲ್ಲಿದೆ. ಆ ದಿನ ಎ.ಸಿ. ಚೆನ್ನಾಗಿಯೇ ಓಡುತ್ತಿತ್ತು.

"ಇಮ್ಯುನಾಲಜಿ ಮೇಡಂನವರ ಪಬ್ಲಿಕೇಶನ್ ರೆಕಾರ್ಡ್ ಬೇಕು ಮಾರಾಯ್ರೆ. ಹತ್ತು ದಿವಸದಲ್ಲಿ ಇನ್‌ಸ್ಪೆಕ್ಷನ್ ಉಂಟು," ಎಂದರು. "ಪೇಪರ್ ಎಷ್ಟು, ಸೈಟೇಶನ್ ಎಷ್ಟು, ಎಚ್-ಇಂಡೆಕ್ಸ್ ಎಷ್ಟು, ಎಲ್ಲ ಬರೆದು ಕೆಳಗೆ ನೀವು ಸೈನ್ ಹಾಕ್ಲಿಕ್ಕೆ. ಎಚ್-ಇಂಡೆಕ್ಸ್ ಹತ್ತಕ್ಕಿಂತ ಕಮ್ಮಿ ಆದ್ರೆ ಸಂಶೋಧನಾ ಕೇಂದ್ರದ ಮಾನ್ಯತೆ ಹೋಯ್ತು. ಮಾನ್ಯತೆ ಹೋದ್ರೆ ಆ ರೂಮು ಫಿಸಿಯೋಥೆರಪಿಯವರಿಗೆ."

ಎಚ್-ಇಂಡೆಕ್ಸ್ ಎಂದರೆ ಸಂಶೋಧಕರ ತೂಕ ನೋಡುವ ತಕ್ಕಡಿ. ನಿಮ್ಮ ಹತ್ತು ಲೇಖನಗಳನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ತಲಾ ಹತ್ತು ಸಲವಾದರೂ ಹೆಸರಿಸಿದ್ದರೆ ನಿಮ್ಮ ಎಚ್-ಇಂಡೆಕ್ಸ್ ಹತ್ತು. ಒಂದೇ ಲೇಖನವನ್ನು ಸಾವಿರ ಮಂದಿ ಹೆಸರಿಸಿ, ಮಿಕ್ಕವನ್ನು ಯಾರೂ ಮೂಸಿ ನೋಡದಿದ್ದರೆ ನಿಮ್ಮ ಎಚ್-ಇಂಡೆಕ್ಸ್ ಒಂದು. ಇಂಥ ತಕ್ಕಡಿಯಲ್ಲಿ ಮೀನು ತೂಗಿದರೆ ಬಂದರಿನ ಮೀನುಗಾರ ಮಹಿಳೆಯರು ತೂಗಿದವನನ್ನು ಸುಮ್ಮನೆ ಬಿಡಲಾರರು. ಆದರೆ ನಮೂನೆಯಲ್ಲಿ ಅದೇ ಇತ್ತು.

ಮೇಡಂ ನಮ್ಮ ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದದ್ದು ಮೀನಿನ ಅಲರ್ಜಿಯ ಮೇಲೆ. ಬಂಗುಡೆ ತಿಂದು ತುಟಿ ದಪ್ಪಗಾದವರು, ಸಿಗಡಿ ತಿಂದು ಮೈಯೆಲ್ಲ ದದ್ದು ಎದ್ದವರು ಅವರ ಬಳಿಗೆ ಬರುತ್ತಿದ್ದರು. ಮಂಗಳೂರಿನಲ್ಲಿ ಒಬ್ಬರಿಗೆ ಮೀನು ಬಿಡಿ ಎಂದು ಹೇಳುವುದಕ್ಕೆ ಎಷ್ಟು ಧೈರ್ಯ ಬೇಕು ಎಂಬುದು ಇಲ್ಲಿಯವರಿಗೇ ಗೊತ್ತು. ಮೇಡಂ ಅದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಅವರ ಪ್ರಯೋಗಾಲಯದಲ್ಲಿ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ ಕೊರೆಯುವ ಒಂದು ಫ್ರೀಜರು. ಅದರೊಳಗೆ ಅಂಥ ರೋಗಿಗಳ ರಕ್ತದಿಂದ ತೆಗೆದ ಸೀರಂ, ವರ್ಷಗಟ್ಟಲೆ ಕೂಡಿಟ್ಟದ್ದು. ರೂಮು ಹೋದರೆ ಫ್ರೀಜರಿಗೆ ಜಾಗವಿಲ್ಲ. ಫ್ರೀಜರು ಹೋದರೆ ಮೇಡಂ ಪುನಃ ಸೊನ್ನೆಯಿಂದ ಶುರು ಮಾಡಬೇಕು, ಮತ್ತು ನಿವೃತ್ತಿಗೆ ಅವರಿಗೆ ಉಳಿದದ್ದು ಐದು ವರ್ಷ.

ನಾನು ಕೆಲಸಕ್ಕೆ ಕುಳಿತೆ. ಲೇಖನಗಳ ದತ್ತಸಂಚಯದಲ್ಲಿ ಮೇಡಂ ಬರೆಯುವ ಹಾಗೆಯೇ ಶೆಟ್ಟಿ ಎಸ್. ಎಂದು ಟೈಪು ಮಾಡಿ, ಮಂಗಳೂರು ಎಂದು ಸೇರಿಸಿ, ಗುಂಡಿ ಒತ್ತಿದೆ. ಯಂತ್ರ ಒಂದು ಕ್ಷಣ ಯೋಚಿಸಿ, ಎಲ್ಲ ಜೋಡಿಸಿಟ್ಟ ಸಿದ್ಧ ಪುಟವೊಂದನ್ನು ಕೊಟ್ಟಿತು. ಎಚ್-ಇಂಡೆಕ್ಸ್ ಇಪ್ಪತ್ತಾರು.

ಇಲ್ಲಿ ನಾನು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಗ್ರಂಥಾಲಯ ವಿಜ್ಞಾನದಲ್ಲಿ ನಮಗೆ ಮೊದಲು ಕಲಿಸಿದ ಪಾಠವೇ ಹೆಸರಿನದು. ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡುವುದು, ಎರಡು ಹೆಸರಿನ ಒಬ್ಬರನ್ನು ಒಂದು ಮಾಡುವುದು. ಅದಕ್ಕೆಂದೇ ಒಂದು ಕಾರ್ಡು ಬರೆದು ಡ್ರಾಯರಿನಲ್ಲಿ ಇಡುತ್ತಿದ್ದೆವು. ಆ ಡ್ರಾಯರು ಈಗಲೂ ನನ್ನ ಮೇಜಿನ ಪಕ್ಕದಲ್ಲಿದೆ, ಮೇಲೆ ಚಹಾದ ಫ್ಲಾಸ್ಕ್ ಇಡುತ್ತೇನೆ. ಅಂಥ ನಾನು, ಇಪ್ಪತ್ತಾರನ್ನು ಕಂಡ ಖುಷಿಯಲ್ಲಿ ಪಟ್ಟಿಯ ಮೊದಲ ಪುಟ ಮಾತ್ರ ನೋಡಿ, ಅಲ್ಲಿ ಬಂಗುಡೆ ಕಂಡದ್ದೇ ಸಾಕು ಎಂದು ಪ್ರಾಂಶುಪಾಲರಿಗೆ ಫೋನು ಮಾಡಿದೆ.

ಮರುದಿನವೇ ಗೇಟಿನ ಪಕ್ಕ ಬಸ್ ಸ್ಟಾಪಿಗೆ ಕಾಣುವ ಹಾಗೆ ಫ್ಲೆಕ್ಸ್ ಎದ್ದಿತು. ಮೇಡಂ ಅವರ ದೊಡ್ಡ ಫೋಟೋ, ಪ್ರಾಂಶುಪಾಲರ ಅದಕ್ಕಿಂತ ದೊಡ್ಡ ಫೋಟೋ, ನಡುವೆ ಅಂತರರಾಷ್ಟ್ರೀಯ ಖ್ಯಾತಿಯ ರೋಗನಿರೋಧಕ ವಿಜ್ಞಾನಿ, ಎಚ್-ಇಂಡೆಕ್ಸ್ 26. ಶಕ್ತಿನಗರದಿಂದ ನಾನು ದಿನವೂ ಬರುವ ಸಿಟಿ ಬಸ್ಸಿನ ಕಂಡಕ್ಟರು ಅದನ್ನು ಓದಿ, "ಇಪ್ಪತ್ತಾರು ಅಂದ್ರೆ ರ‍್ಯಾಂಕಾ ಸರ್? ಇಪ್ಪತ್ತಾರನೇ ರ‍್ಯಾಂಕಿಗೂ ಫ್ಲೆಕ್ಸ್ ಹಾಕ್ತಾರಾ?" ಎಂದು ಕೇಳಿದ. ನಾನು ವಿವರಿಸಲು ಹೊರಟೆ, ಅಷ್ಟರಲ್ಲಿ ನನ್ನ ಸ್ಟಾಪು ಬಂತು.

ಹತ್ತೂವರೆಗೆ ಮೇಡಂ ಗ್ರಂಥಾಲಯಕ್ಕೆ ಬಂದರು. ಕೈಯಲ್ಲಿ ನಾನೇ ಮುದ್ರಿಸಿ ಕಳಿಸಿದ ಪಟ್ಟಿ. ಅವರು ಸಿಟ್ಟು ಬಂದರೆ ದನಿ ತಗ್ಗಿಸುವವರು. ಆ ದಿನ ಬಹಳ ತಗ್ಗಿತ್ತು.

"ನಾನು ಯಾವಾಗ ಹಲ್ಲು ಕಿತ್ತದ್ದು?" ಎಂದು ಕೇಳಿದರು.

"ಎಂತ ಮೇಡಂ?"

"ನೋಡಿ. ಹನ್ನೆರಡನೇ ನಂಬರು. ಬುದ್ಧಿಹಲ್ಲು ಕೀಳುವ ಹೊಸ ವಿಧಾನ. ಹದಿನೈದು, ತೆಂಗಿನ ನಾರು ಹಾಕಿ ಕಾಂಕ್ರೀಟ್. ಇಪ್ಪತ್ತೊಂದು, ಕಂಬಳದ ಕೋಣಗಳ ಗೊರಸಿನ ಹುಣ್ಣು. ನಾನು ಯಾವ ಕೋಣದ ಕಾಲು ಹಿಡಿದದ್ದು ಮಾರಾಯ್ರೆ?"

ಪಟ್ಟಿಯನ್ನು ಈ ಸಲ ಪೂರ್ತಿ ನೋಡಿದೆ. ಯಂತ್ರ ಮಂಗಳೂರಿನಲ್ಲಿ ಎಸ್ ಅಕ್ಷರದಿಂದ ಶುರುವಾಗುವ ಅಷ್ಟೂ ಶೆಟ್ಟಿಗಳನ್ನು ಒಬ್ಬರೇ ಎಂದು ತಿಳಿದಿತ್ತು. ಅದನ್ನು ಮಾಡಿದವರು ಎಲ್ಲಿಯವರೋ ಏನೋ, ನಮ್ಮ ಊರಿಗೆ ಒಮ್ಮೆಯೂ ಬಂದವರಂತೂ ಅಲ್ಲ. ನಾನು ಇಲ್ಲೇ ಹುಟ್ಟಿದವನು. ನನಗೆ ಆ ನೆಪವೂ ಇರಲಿಲ್ಲ.

ಅಂದಿನಿಂದ ನಾಲ್ಕು ದಿನ ನಾನು ಮಾಡಿದ್ದು ಒಂದೇ ಕೆಲಸ. ಒಂದೊಂದು ಲೇಖನದ ಮೊದಲ ಪುಟ ತೆರೆಯುವುದು, ಲೇಖಕರ ವಿಳಾಸ, ಇಮೇಲು, ಜೊತೆಗೆ ಬರೆದವರು ಯಾರು ಎಂದು ನೋಡುವುದು, ಒಂದೊಂದಕ್ಕೂ ಕಾರ್ಡು ಬರೆಯುವುದು. ಫ್ಲಾಸ್ಕ್ ಕೆಳಗಿಟ್ಟು ಹಳೇ ಡ್ರಾಯರನ್ನು ತೆರೆದೆ. ಊರಿನಲ್ಲಿ ಜನರನ್ನು ಗುರುತಿಸುವ ಹಾಗೆಯೇ ಕಾರ್ಡುಗಳ ಮೇಲೆ ಬರೆದೆ: ಮೀನಿನ ಶೆಟ್ಟಿ, ಹಲ್ಲಿನ ಶೆಟ್ಟಿ, ಕಾಂಕ್ರೀಟ್ ಶೆಟ್ಟಿ, ಕೋಣದ ಶೆಟ್ಟಿ.

ವಿಳಾಸದಿಂದ ಎಲ್ಲವೂ ತಿಳಿಯುತ್ತಿರಲಿಲ್ಲ. ಕೆಲವು ಪತ್ರಿಕೆಗಳು ಬರೀ ಮಂಗಳೂರು, ಭಾರತ ಎಂದು ಬರೆದು ಕೈತೊಳೆದುಕೊಂಡಿದ್ದವು. ಆಗ ನನಗೆ ಒಂದು ಉಪಾಯ ಸಿಕ್ಕಿತು. ಮೇಡಂ ತಮ್ಮ ಪ್ರತಿಯೊಂದು ಲೇಖನದ ಕೊನೆಯ ಉಲ್ಲೇಖಪಟ್ಟಿಯಲ್ಲಿ ಒಬ್ಬ ಜಪಾನೀ ವಿಜ್ಞಾನಿಯ ಹಳೆಯ ಲೇಖನವನ್ನು ತಪ್ಪದೆ ಹೆಸರಿಸುತ್ತಿದ್ದರು. ಆಂಬಾಟೇಮಾರು ಜಿ. ಎಸ್. ಎಂದು ಇಂಗ್ಲಿಷಿನಲ್ಲಿ ಇರುತ್ತಿತ್ತು. ಬೇಯಿಸಿದ ಬಂಗುಡೆಯಿಂದ ಅಲರ್ಜಿ ಪರೀಕ್ಷೆಯ ಸಾರ ತಯಾರಿಸುವ ವಿಧಾನ. ಆಂಬಾಟೇಮಾರು ಇದ್ದರೆ ಮೀನಿನ ಶೆಟ್ಟಿ, ಇಲ್ಲದಿದ್ದರೆ ಬೇರೆ ಯಾರೋ. ಜಪಾನಿನವರು ಮೀನು ತಿನ್ನುವವರು, ಅಲರ್ಜಿಯೂ ಅವರಿಗೆ ಆಗಬೇಕಾದದ್ದೇ ಎಂದುಕೊಂಡೆ. ಆ ಮಹಾನುಭಾವನಿಗೆ ಮನಸ್ಸಿನಲ್ಲೇ ಕೈಮುಗಿದು ಕೆಲಸ ಮುಂದುವರಿಸಿದೆ.

ಮೂರನೇ ದಿನ ಹಲ್ಲಿನ ಶೆಟ್ಟರು ಸ್ವತಃ ಬಂದರು. ನಮ್ಮದೇ ಆವರಣದ ದಂತ ಕಾಲೇಜಿನ ಪ್ರಾಧ್ಯಾಪಕರು. ಅದೇ ಇಪ್ಪತ್ತಾರನ್ನು ಅವರೂ ತಮ್ಮದೆಂದು ನಂಬಿ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದರು.

"ಅದನ್ನು ನೀವು ಹೇಗೆ ಕಟ್ ಮಾಡ್ತೀರಿ?" ಎಂದರು. "ನನ್ನದರಲ್ಲಿ ಎಲ್ಲ ನನ್ನದೇ."

"ಬಂಗುಡೆಯೂ ಉಂಟಲ್ಲ ಸರ್."

ಅವರು ಕುರ್ಚಿ ಎಳೆದು ಕುಳಿತರು. "ಅದಕ್ಕೇ ಇರಬೇಕು," ಎಂದರು ನಿಧಾನವಾಗಿ. "ಹೋದ ತಿಂಗಳು ಮೀನುಗಾರಿಕೆಯವರು ನನ್ನನ್ನು ಅಲರ್ಜಿ ಬಗ್ಗೆ ಭಾಷಣಕ್ಕೆ ಕರೆದ್ರು. ನಾನು ಎಂತದಕ್ಕೆ ಅಂತ ಗೊತ್ತಾಗದೆ ಹೋಗಿ, ಮೀನು ತಿಂದ ಮೇಲೆ ಬಾಯಿ ಮುಕ್ಕಳಿಸಿ ಅಂತ ಹೇಳಿ ಬಂದೆ."

ಆಮೇಲೆ ಮೇಡಂ ಕೂಡ ಬಂದರು. ಇಬ್ಬರೂ ನನ್ನ ಮೇಜಿನ ಎರಡು ಬದಿಗೆ ಕುಳಿತು ಕಾರ್ಡುಗಳನ್ನು ಹಂಚಿಕೊಂಡರು. ಆಸ್ತಿ ಪಾಲಾಗುವಾಗ ಇರುವ ಬಿಗುಮಾನ ಎಲ್ಲವೂ ಅಲ್ಲಿತ್ತು. ಒಸಡಿನ ಊತದ ರೋಗನಿರೋಧಕತೆ ಎಂಬ ಒಂದು ಲೇಖನಕ್ಕೆ ಇಬ್ಬರೂ ಕೈ ಹಾಕಿದರು. ಮೂಲ ಪ್ರತಿ ತೆಗೆದು ನೋಡಿದರೆ ಅದು ಉಡುಪಿಯಿಂದ ಬಂದು ಇಲ್ಲಿ ಕೆಲಕಾಲ ಇದ್ದ ಮೂರನೆಯ ಶೆಟ್ಟಿಯದ್ದು. ಕಾಂಕ್ರೀಟ್ ಶೆಟ್ಟರಿಗೆ ಫೋನು ಮಾಡಿ ನಿಮ್ಮ ಆರು ಲೇಖನಗಳು ಇಲ್ಲಿ ಉಳಿದಿವೆ ಎಂದೆ. "ಇಟ್ಟುಕೊಳ್ಳಿ ಮಾರಾಯ್ರೆ, ನನಗೆ ಪ್ರಮೋಷನ್ ಆಗಿ ಆಯ್ತು," ಎಂದು ಬಿಟ್ಟರು.

ಎಲ್ಲ ಮುಗಿದಾಗ ಮೇಡಂ ಪಾಲಿಗೆ ಬಂದ ಎಚ್-ಇಂಡೆಕ್ಸ್ ಏಳು. ಎರಡು ಸಲ ಲೆಕ್ಕ ಹಾಕಿದೆ, ಮೂರನೇ ಸಲವೂ ಹಾಕಿದೆ. ಏಳೇ.

ಪ್ರಾಂಶುಪಾಲರಿಗೆ ತಿಳಿಸಿದೆ. ಅವರು ಕಿಟಕಿಯಿಂದ ಫ್ಲೆಕ್ಸನ್ನು ನೋಡಿದರು. ಅದರ ಹಿಂಬದಿ ಮಾತ್ರ ಕಾಣುತ್ತಿತ್ತು.

"ಇಪ್ಪತ್ತಾರು ಕಂಪ್ಯೂಟರ್ ಕೊಟ್ಟದ್ದಲ್ವಾ? ನಾವು ಕೊಟ್ಟದ್ದಲ್ಲ. ಅದನ್ನೇ ಪ್ರಿಂಟ್ ತೆಗೆದು ಸೈನ್ ಹಾಕಿ. ಯಾರು ನೋಡ್ತಾರೆ?"

"ನಾನು ನೋಡಿಯಾಯ್ತಲ್ಲ ಸರ್."

"ನೀವು ನೋಡ್ಲೇಬಾರದಿತ್ತು," ಎಂದರು ಅವರು. ಅದು ಬೈಗುಳವಾಗಿರಲಿಲ್ಲ, ನಿಜವಾದ ದುಃಖವಾಗಿತ್ತು. ಅವರು ಕೆಟ್ಟವರಲ್ಲ. ಮೇಲಿನವರು ಕಳಿಸಿದ ಟ್ರೆಡ್‌ಮಿಲ್‌ಗಳಿಗೆ ಅವರೂ ಹೆದರಿದ್ದರು.

ಮೇಡಂ ಹತ್ತಿರ ಹೋಗಿ ಏನು ಮಾಡೋಣ ಎಂದು ಕೇಳಿದೆ. ಅವರು ಫ್ರೀಜರಿನ ಬಾಗಿಲಿಗೆ ಒರಗಿ ನಿಂತಿದ್ದರು. "ಏಳು ಅಂದ್ರೆ ಏಳು. ಹಾಗೇ ಬರೀರಿ. ಬೇರೆಯವರ ಹಲ್ಲು ಹಾಕ್ಕೊಂಡು ನಗ್ಲಿಕ್ಕೆ ನನಗೆ ಆಗುದಿಲ್ಲ." ಹಾಗೆ ಹೇಳಿ ಫ್ರೀಜರಿನ ತಾಪಮಾನ ತೋರಿಸುವ ಗಾಜಿನ ಮೇಲೆ ಕೂತ ಧೂಳನ್ನು ಸೆರಗಿನಿಂದ ಒರೆಸಿದರು. ಮೊದಲ ದಿನವೇ ನಾನು ಪಟ್ಟಿಯನ್ನು ಸರಿಯಾಗಿ ನೋಡಿದ್ದರೆ ಅವರಿಗೆ ಆಸೆಯಾದರೂ ಹುಟ್ಟುತ್ತಿರಲಿಲ್ಲ.

ಇನ್‌ಸ್ಪೆಕ್ಷನ್ನಿಗೆ ಮೂರು ದಿನ ಉಳಿದಿರುವಾಗ, ಬಿಳಿ ಪಂಚೆ ಬಿಳಿ ಅಂಗಿಯ ಹಿರಿಯರೊಬ್ಬರು ಗ್ರಂಥಾಲಯದ ಬಾಗಿಲಲ್ಲಿ ನಿಂತು, "ಆ ಬೋರ್ಡಿಗೆ ಮಾಹಿತಿ ಕೊಟ್ಟವರು ಯಾರು?" ಎಂದು ಗುಡುಗಿದರು. ಮೌನವಾಗಿರಿ ಎಂಬ ಫಲಕ ಅವರ ತಲೆಯ ಮೇಲೆಯೇ ಇತ್ತು.

ಮೇಡಂ ಅವರ ಸೋದರಮಾವ. ಕೊಡಿಯಾಲ್‌ಬೈಲಿನಲ್ಲಿ ಅವರ ಹೋಟೆಲಿದೆ, ಮಧ್ಯಾಹ್ನದ ಮೀನೂಟಕ್ಕೆ ಜನ ಸಾಲು ನಿಲ್ಲುತ್ತಾರೆ. ಹಿಂದೆ ದೊಡ್ಡ ಹಿಡುವಳಿ ಇದ್ದ ಗುತ್ತಿನ ಮನೆಯವರು. ನನ್ನ ಅಜ್ಜ ಅಂಥವರ ಗದ್ದೆ ಉತ್ತವರು, ಎದುರಿಗೆ ಕಂಡರೆ ಮುಂಡಾಸು ತೆಗೆದು ಕಂಕುಳಲ್ಲಿಟ್ಟು ನಿಲ್ಲುತ್ತಿದ್ದರಂತೆ. ನಾನು ಎದ್ದು ಕುರ್ಚಿ ಎಳೆದು ಕೊಟ್ಟೆ, ಅಷ್ಟೇ.

"ನಾನೇ ಕೊಟ್ಟದ್ದು. ಇಪ್ಪತ್ತಾರು ತಪ್ಪಾಗಿದೆ, ಕ್ಷಮಿಸಬೇಕು," ಎಂದೆ.

"ಇಪ್ಪತ್ತಾರು ನಿಮ್ಮ ತಲೆಗೆ ಹಾಕಿಕೊಳ್ಳಿ. ಮನೆ ಹೆಸರು ಎಲ್ಲಿ?"

"ಯಾವ ಮನೆ?"

"ಎಂತ ಯಾವ ಮನೆ? ನಮ್ಮ ಮನೆ! ಅವಳು ನನ್ನ ತಂಗಿಯ ಮಗಳು. ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರುವುದು, ನಿಮಗೂ ಗೊತ್ತುಂಟಲ್ಲ. ಬರೀ ಶೆಟ್ಟಿ ಅಂತ ಬರೆದ್ರೆ ಯಾವ ಶೆಟ್ಟಿ ಅಂತ ತಿಳಿಯುದು? ಹಂಪನಕಟ್ಟೆಯಲ್ಲಿ ನಿಂತು ಶೆಟ್ರೇ ಅಂತ ಕರೀರಿ, ಬಸ್ಸು ಸಹ ನಿಲ್ತದೆ."

ನಾನು ನಾಲ್ಕು ದಿನ ಕಾರ್ಡು ಬರೆದು ಕಂಡುಕೊಂಡದ್ದನ್ನು ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ ಮುಗಿಸಿದ್ದರು.

"ಅವಳ ಮೊದಲ ಪೇಪರಿಗೆ ಫಾರಂ ತುಂಬಿದ್ದು ನಾನು," ಎಂದು ಮುಂದುವರಿಸಿದರು. "ಅವಳು ಎಂ.ಡಿ. ಪರೀಕ್ಷೆಗೆ ಓಡ್ತಾ ಇದ್ದಳು. ಖಾಲಿ ಫಾರಮಿಗೆ ಸೈನ್ ಹಾಕಿ, ಮಾಮ ಉಳಿದದ್ದು ತುಂಬಿ ಪೋಸ್ಟ್ ಮಾಡಿ ಅಂದಳು. ಸರ್‌ನೇಮ್ ಅಂತ ಇತ್ತು. ನಾನು ಮನೆ ಹೆಸರು ಬರೆದೆ. ಮೀನು ನಮ್ಮ ಹೋಟೆಲಿಂದು, ಬೇಯಿಸಿದ್ದು ನಮ್ಮ ಭಟ್ಟಿಯಲ್ಲಿ, ಹೆಸರು ಮಾತ್ರ ಊರಿನ ಶೆಟ್ಟಿಗಳದ್ದಾ?"

"ಮನೆ ಹೆಸರು ಎಂತ?"

"ಅಂಬಟೆಮಾರುಗುತ್ತು."

ನನ್ನ ಕೈಯಲ್ಲಿದ್ದ ಕಾರ್ಡು ಕೆಳಗೆ ಬಿತ್ತು. ಅಂಬಟೆ ಎಂದರೆ ನಮ್ಮ ಹಿತ್ತಲಿನ ಹುಳಿ ಕಾಯಿ, ಮಾರು ಎಂದರೆ ಗದ್ದೆಯ ಬಯಲು. ಅಂಬಟೆಯ ಉಪ್ಪಿನಕಾಯಿ ತಿಂದು ಬೆಳೆದ ನಾನು ನಾಲ್ಕು ದಿನ ಅದನ್ನು ಇಂಗ್ಲಿಷಿನಲ್ಲಿ ಓದಿ ಜಪಾನಿಗೆ ಕಳಿಸಿಬಿಟ್ಟಿದ್ದೆ. ಸರ್‌ನೇಮಿನ ಜಾಗದಲ್ಲಿ ಅಂಬಟೆಮಾರು, ಬಿಡಿಸಿ ಬರೆದ ಗುತ್ತು ಎಂಬುದನ್ನು ಪತ್ರಿಕೆಯವರು ಸ್ವಂತ ಹೆಸರೆಂದು ತಿಳಿದದ್ದರಿಂದ ಉಲ್ಲೇಖಗಳಲ್ಲಿ ಬರೀ ಜಿ, ಅದರ ಮುಂದೆ ಮೇಡಂ ಅವರ ಎಸ್. ಶೆಟ್ಟಿ ಎಂಬುದು ದಾರಿಯಲ್ಲೇ ಉದುರಿಹೋಗಿತ್ತು. ನನ್ನ ಜಪಾನೀ ಮಹಾನುಭಾವ ಎರಡನೇ ಮಹಡಿಯಲ್ಲಿ ಫ್ರೀಜರು ಒರೆಸುತ್ತಿದ್ದರು.

ಮೆಟ್ಟಿಲು ಹತ್ತಿ ಓಡಿದೆ. "ಮೇಡಂ, ಆಂಬಾಟೇಮಾರು ನೀವಾ?"

ಅವರ ಮುಖ ಕೆಂಪಾಯಿತು. "ಮಾಮ ಬಂದಿದ್ದಾರಾ?" ಎಂದರು.

ವಿಷಯ ಹೀಗೆ. ಅವರ ಮೊದಲ ಪ್ರಮೋಷನ್ನಿನ ಸಂದರ್ಶನದಲ್ಲಿ ಈ ಲೇಖನವನ್ನು ತೋರಿಸಿದಾಗ, ಇದು ನಿಮ್ಮ ಹೆಸರಲ್ಲವಲ್ಲ, ಇನ್ನೊಬ್ಬರ ಪೇಪರ್ ಯಾಕೆ ತಂದಿರಿ ಎಂದು ಕೇಳಿದ್ದರಂತೆ. ತುಂಬಿದ ಸಭೆಯಲ್ಲಿ ಆದ ಆ ಅವಮಾನಕ್ಕೆ ಅವರು ಆ ಲೇಖನವನ್ನು ತಮ್ಮ ಪಟ್ಟಿಯಿಂದಲೇ ಹೊಡೆದುಹಾಕಿದರು, ಹೆಸರಿನ ಹಿಂದಿನ ಮನೆಯ ಅಕ್ಷರವನ್ನೂ ಬಿಟ್ಟರು. ಆಮೇಲೆ ತಮ್ಮದೇ ವಿಧಾನವನ್ನು ಬೇರೆ ಯಾರದ್ದೋ ಎಂಬಂತೆ ಹೆಸರಿಸುತ್ತ ಬಂದರು. ಮಾವನ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಹೋಟೆಲಿಗೆ ಹೋಗುವುದನ್ನು ಬಿಟ್ಟಿದ್ದರು.

"ಜನ ಆ ವಿಧಾನ ಬಳಸ್ತಾರೆ ಅಂತ ಗೊತ್ತುಂಟು. ಆದ್ರೆ ಅದು ನಾನು ಅಂತ ಹೇಳ್ಲಿಕ್ಕೆ ಪ್ರೂಫ್ ಎಲ್ಲಿ ಉಂಟು?" ಎಂದರು.

ಪ್ರೂಫ್ ಹೋಟೆಲಿನಲ್ಲಿತ್ತು. ಅದೇ ಮಧ್ಯಾಹ್ನ ಮಾವನ ಜೊತೆ ಹೋದೆ. ಗಲ್ಲಾದ ಹಿಂದೆ, ದೇವರ ಪಟಗಳ ಸಾಲಿನಲ್ಲೇ, ಆ ಲೇಖನದ ಮೊದಲ ಪುಟ ಕಟ್ಟು ಹಾಕಿಸಿಕೊಂಡು ಮಲ್ಲಿಗೆಯ ಮಾಲೆ ಹಾಕಿಕೊಂಡಿತ್ತು. ಅಷ್ಟು ವರ್ಷ ಊಟಕ್ಕೆ ಬಂದವರೆಲ್ಲ ಅದನ್ನು ಆರೋಗ್ಯ ಇಲಾಖೆಯ ಲೈಸನ್ಸ್ ಎಂದು ತಿಳಿದಿದ್ದರಂತೆ. ಕಟ್ಟಿನ ಹಿಂದಿನ ರಟ್ಟು ಬಿಚ್ಚಿದರೆ ಒಳಗೆ ಮಡಚಿಟ್ಟ ಫಾರಮಿನ ಪ್ರತಿ. ಮೇಲೆ ಮಾವನ ದುಂಡು ಅಕ್ಷರದಲ್ಲಿ ಮನೆ ಹೆಸರು, ಕೆಳಗೆ ಎಸ್. ಶೆಟ್ಟಿ ಎಂದು ಮೇಡಂ ಅವರ ಸಹಿ. ಜೊತೆಗೆ ಸಂಪಾದಕರ ಪತ್ರ, ಲೇಖನ ಒಪ್ಪಿದ್ದೇವೆ ಎಂದು.

ಮರುದಿನ ಅಂಬಟೆಮಾರು ಜಿ. ಎಸ್. ಅವರನ್ನು ದತ್ತಸಂಚಯದಲ್ಲಿ ಹುಡುಕಿದೆ. ಆ ಹೆಸರಿನವರು ಪ್ರಪಂಚದಲ್ಲಿ ಒಬ್ಬರೇ, ಒಂದೇ ಲೇಖನ. ಆದರೆ ಆ ಒಂದನ್ನು ಹೆಸರಿಸಿದವರ ಪಟ್ಟಿಯನ್ನು ಕೆಳಗೆ ಸರಿಸುತ್ತ ಹೋದರೆ ನನ್ನ ಬೆರಳು ಸೋತಿತು. ನಾರ್ವೆಯವರು, ಸ್ಪೇನಿನವರು, ನಿಜವಾದ ಜಪಾನಿನವರು. ಹಳೇ ಪರೀಕ್ಷೆಗಳಲ್ಲಿ ಹಸಿ ಮೀನಿನ ಸಾರ ಬಳಸುತ್ತಿದ್ದರು, ಅದೂ ನಮ್ಮವರು ಕಂಡು ಕೇಳರಿಯದ ಮೀನಿನದು. ಬೇಯಿಸಿ ತಿಂದವರಿಗೆ ಬೇಯಿಸಿದ್ದರಲ್ಲೇ ಪರೀಕ್ಷೆ ಮಾಡಬೇಕು ಎಂದು ಮೇಡಂ ಬರೆದಿದ್ದರು: ಉಪ್ಪು ನೀರು, ಮಣ್ಣಿನ ಚಟ್ಟಿ, ಮುಚ್ಚಳ, ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷ ಹೋಟೆಲಿನ ಅಡುಗೆಯವರ ಲೆಕ್ಕ. ಲೇಖನ ಲೇಖನದಲ್ಲೂ ಅಂಬಟೆಮಾರು ಸಾರ ಎಂದೇ ಬರೆದಿದ್ದರು. ನಾರ್ವೆಯ ಒಂದು ತಂಡ, ಮಣ್ಣಿನ ಚಟ್ಟಿ ಸಿಗದ ಕಾರಣ ಗಾಜಿನ ಬೀಕರನ್ನು ಬಳಸಿದ್ದೇವೆ ಎಂದು ತಪ್ಪೊಪ್ಪಿಕೊಂಡಿತ್ತು.

ಇಷ್ಟೆಲ್ಲ ಆಗಿ, ಎಚ್-ಇಂಡೆಕ್ಸ್ ಎಷ್ಟಾಯಿತು? ಎಂಟು. ಒಂದು ಲೇಖನ ಎಷ್ಟು ದೊಡ್ಡದಾದರೂ ಆ ತಕ್ಕಡಿಯಲ್ಲಿ ಒಂದೇ.

ಪ್ರಾಂಶುಪಾಲರು ತಲೆ ಹಿಡಿದುಕೊಂಡರು. ಬೇಕಾದದ್ದು ಹತ್ತು, ಇಪ್ಪತ್ತಾರರ ಹಾಳೆ ಮೇಜಿನ ಮೇಲೇ ಇತ್ತು, ಪೆನ್ನು ಕೂಡ. ನಿಜ ಹೇಳುತ್ತೇನೆ, ಒಂದು ಗಳಿಗೆ ನನ್ನ ಕೈ ಆ ಹಾಳೆಯ ಕಡೆ ಹೋಯಿತು. ಫ್ರೀಜರು ಉಳಿಯುತ್ತದೆ, ಯಾರಿಗೂ ನಷ್ಟವಿಲ್ಲ. ಆದರೆ ಆ ಇಪ್ಪತ್ತಾರರೊಳಗೆ ಹಲ್ಲಿನ ಶೆಟ್ಟಿ, ಕೋಣದ ಶೆಟ್ಟಿ ಎಲ್ಲರೂ ಇದ್ದರು, ಅಂಬಟೆಮಾರು ಮಾತ್ರ ಇರಲಿಲ್ಲ. ಆ ಹಾಳೆಗೆ ಸಹಿ ಹಾಕಿದರೆ ಮೇಡಂ ಎರಡನೇ ಸಲ ತಮ್ಮದೇ ಪಟ್ಟಿಯಿಂದ ಹೊರಗೆ ಹೋಗುತ್ತಿದ್ದರು, ಈ ಸಲ ನನ್ನ ಕೈಯಿಂದ. ಎಂಟು ಎಂದು ಬರೆದ ಹಾಳೆಗೆ ಸಹಿ ಹಾಕಿದೆ. ಅದರ ಹಿಂದೆ ಫಾರಮು, ಪತ್ರ, ಯಾರು ಯಾರು ಆ ಸಾರವನ್ನು ಬಳಸಿದ್ದಾರೆ ಎಂಬ ಹದಿನಾಲ್ಕು ಪುಟ.

"ಇದೆಂತ ಮಾರಾಯ್ರೆ, ಪಬ್ಲಿಕೇಶನ್ ರೆಕಾರ್ಡಾ, ಕುಟುಂಬದ ವಂಶಾವಳಿಯಾ?" ಎಂದರು ಪ್ರಾಂಶುಪಾಲರು. ಹಾಗೆಂದರೂ ಹಾಳೆಗಳನ್ನು ಫೈಲಿಗೆ ಹಾಕಲು ಬಿಟ್ಟರು.

ಇನ್‌ಸ್ಪೆಕ್ಷನ್ ದಿನ ಗುರುವಾರ. ಫೈಲು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿದ್ದೆ. ಬಿಕರ್ನಕಟ್ಟೆಯಲ್ಲಿ ಬಾಲಯೇಸುವಿನ ದರ್ಶನಕ್ಕೆ ಬಂದವರ ವಾಹನಗಳಿಂದ ರಸ್ತೆ ಕಟ್ಟಿಹೋಗಿ ಅರ್ಧ ಗಂಟೆ ಬಸ್ಸು ಅಲುಗಲಿಲ್ಲ. ಸೀಟಿನಿಂದಲೇ ಕೈಮುಗಿದೆ. ಎಂಟನ್ನು ಹತ್ತು ಮಾಡು ಎಂದು ಕೇಳಲು ಬಾಯಿ ಬರಲಿಲ್ಲ, ಸಹಿ ಆಗಿಹೋಗಿತ್ತು. ರಸ್ತೆ ಬಿಡಿಸು ಎಂದು ಮಾತ್ರ ಕೇಳಿದೆ. ಅದನ್ನು ನಡೆಸಿಕೊಟ್ಟ.

ಬಂದವರು ಧಾರವಾಡದ ಕಡೆಯ ಹಿರಿಯ ಪ್ರಾಧ್ಯಾಪಕಿ, ಅವರೂ ಇಮ್ಯುನಾಲಜಿಯವರೇ. ಕನ್ನಡಕ ಮೂಗಿನ ತುದಿಗಿಳಿಸಿ ನಮೂನೆ ಓದಿದರು. ಮೇಡಂ ಎದುರಿಗೆ ಕುಳಿತಿದ್ದರು, ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ.

"ಎಂಟು ಐತಿ. ಹತ್ತು ಬೇಕಲ್ರಿ."

"ಹೌದು," ಎಂದರು ಮೇಡಂ.

"ಹೊರಗ ಬೋರ್ಡ್ ಮ್ಯಾಲೆ ಇಪ್ಪತ್ತಾರು ಅಂತ ನೋಡಿದೆ."

"ಅದು ಊರಿನ ಒಟ್ಟು ಮೊತ್ತ," ಎಂದರು ಮೇಡಂ. ಪ್ರಾಂಶುಪಾಲರಿಗೆ ಕೆಮ್ಮು ಬಂತು.

ಧಾರವಾಡದವರು ಹಾಳೆ ತಿರುವಿದರು. ಇನ್ನೊಂದು ತಿರುವಿದರು. ಕೈ ನಿಂತಿತು. ಕನ್ನಡಕ ತೆಗೆದು, ಒರೆಸಿ, ಪುನಃ ಹಾಕಿಕೊಂಡರು.

"ಅಂಬಟೆಮಾರು... ನೀವೇನ್ರಿ?"

"ನಮ್ಮ ಮನೆ ಹೆಸರು."

"ಅಯ್ಯ ನಮ್ಮವ್ವ! ನಾವು ಮನ್ಯಾಗ ಬಳ್ಳೊಳ್ಳಿ ಸೈತ ತಿನ್ನಂಗಿಲ್ಲ. ಪಿಎಚ್.ಡಿ. ಟೈಮಿನ್ಯಾಗ ನಿಮ್ಮ ಪೇಪರ್ ಮುಂದಿಟ್ಕೊಂಡು, ಮೂಗು ಕಟ್ಕೊಂಡು, ಹನ್ನೆರಡ್ ಹನ್ನೆರಡ್ ನಿಮಿಷ ಬಂಗುಡೆ ಕುದಿಸೀನಿ. ಜಪಾನಿನ ಯಾವನೋ ಮುದುಕ ನನಗ ಈ ಗತಿ ತಂದಾನ ಅಂತ ದಿನಾ ಬೈತಿದ್ದೆ!" ಎಂದವರೇ ಎದ್ದು ಬಂದು ಮೇಡಂ ಅವರ ಎರಡೂ ಕೈ ಹಿಡಿದುಕೊಂಡರು.

ನಮೂನೆಯ ಎಂಟು ಎಂಟಾಗಿಯೇ ಉಳಿಯಿತು. ಆದರೆ ಕೊನೆಯಲ್ಲಿ ಷರಾ ಎಂಬ ಒಂದು ಕಾಲಂ ಇರುತ್ತದೆ, ಸಾಮಾನ್ಯವಾಗಿ ಅದರಲ್ಲಿ ಯಾರೂ ಏನೂ ಬರೆಯುವುದಿಲ್ಲ. ಈ ವಿಧಾನವನ್ನು ಜಗತ್ತೇ ಬಳಸುತ್ತಿದೆ, ಸಂಖ್ಯೆ ಕಮ್ಮಿಯಾದರೂ ಮಾನ್ಯತೆ ಕೊಡಬೇಕು ಎಂದು ಅವರು ಅದನ್ನು ತುಂಬಿಸಿ ಅಂಚಿನಲ್ಲೂ ಬರೆದರು. ಮಾನ್ಯತೆ ಮೂರು ವರ್ಷಕ್ಕೆ ಸಿಕ್ಕಿತು. ಟ್ರೆಡ್‌ಮಿಲ್‌ಗಳನ್ನು ಗ್ರಂಥಾಲಯದ ವಾಚನಾಲಯಕ್ಕೆ ತಂದಿಳಿಸಿದರು. ಎರಡು ತಿಂಗಳು ಅವು ನನ್ನ ಎದುರಿಗೇ ನಿಂತಿದ್ದವು, ಅದು ಬೇರೆ ಕಥೆ.

ಕಟ್ಟನ್ನು ಹಿಂದಿರುಗಿಸಲು ಹೋಟೆಲಿಗೆ ಹೊರಟಾಗ ಮೇಡಂ ತಾವೂ ಬರುತ್ತೇನೆ ಎಂದರು. ಮಾವ ಸ್ಟೂಲು ಹತ್ತಿ ಅದನ್ನು ಅದೇ ಮೊಳೆಗೆ ತೂಗುಹಾಕುತ್ತಿದ್ದರು. ಮೇಡಂ ಕೆಳಗೆ ನಿಂತು, "ಮಾಮ, ನೀವು ಬರೆದದ್ದು ಸರಿ ಇತ್ತು," ಎಂದರು.

ಮಾವ ತಿರುಗಲಿಲ್ಲ. ಕಟ್ಟು ಓರೆಯಾಗಿರಲಿಲ್ಲ, ಆದರೂ ಬಹಳ ಹೊತ್ತು ಅದನ್ನು ಸರಿಮಾಡುತ್ತಲೇ ಇದ್ದರು. ನಾನು ಗೋಡೆಯ ಮೇಲಿನ ಮೀನಿನ ಪಟ್ಟಿಯನ್ನು ಓದತೊಡಗಿದೆ.

"ಅದು ನನಗೆ ಆಗಲೇ ಗೊತ್ತಿತ್ತು," ಎಂದರು ಕೊನೆಗೆ. "ಆ ಪೇಪರಿನವರದ್ದೇ ತಪ್ಪು. ಗುತ್ತು ಅಂತ ಬರೀಲಿಕ್ಕೆ ಇಂಗ್ಲಿಷಿನಲ್ಲಿ ಎರಡು ಟಿ ಬೇಕು. ಈ ಪುಟದಲ್ಲಿ ಅವರು ಒಂದೇ ಹಾಕಿದ್ದಾರೆ."

ಹೋದ ತಿಂಗಳು ಮೇಡಂ ಹೊಸ ಲೇಖನದ ಪ್ರತಿಯನ್ನು ಉಲ್ಲೇಖಗಳನ್ನು ಪರಿಶೀಲಿಸಲು ನನಗೆ ಕೊಟ್ಟರು. ಶೀರ್ಷಿಕೆಯ ಕೆಳಗೆ ಅವರ ಹೆಸರಿಗೆ ಮನೆ ಹೆಸರು ಪೂರ್ತಿ ಸೇರಿತ್ತು. ಉಲ್ಲೇಖಗಳನ್ನು ಆಮೇಲೆ ನೋಡಿದೆ. ಮೊದಲು ಟಿ ಎಷ್ಟಿವೆ ಎಂದು ನೋಡಿದೆ. ಎರಡಿದ್ದವು.